ತಂಗಿ ಮಗಳಿಗೆ ಮಿನ್ನೆಸೋಟದಲ್ಲಿ ಸ್ಕೂಲು ನೋಡಿದ್ದು

ಚಾಮರಾಜಪೇಟೆ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಜಲಪಾತ ನೋಡಿದೆವು, ಎತ್ತರದ ಕಟ್ಟಡ ಹತ್ತಿದೆವು ಎಂದು ಫೋಟೋ ಹರಡಿಕೊಂಡು ಕೂರುತ್ತಾರೆ. ನಾನು ಅಷ್ಟು ದೂರ ಹೋಗಿ ನೋಡಿ ಬಂದದ್ದು ಒಂದು ಪ್ರೈಮರಿ ಸ್ಕೂಲನ್ನು. ಅದೂ ಹಳೇ ಫರ್ನಿಚರ್ ಗೋಡೌನಿನಲ್ಲಿ ನಡೆಯುತ್ತಿದ್ದ ಸ್ಕೂಲು. ಫೋಟೋ ಕೂಡ ತೆಗೆದುಕೊಂಡಿಲ್ಲ. ಆದರೂ ಹೇಳುವುದಕ್ಕೆ ನನ್ನ ಹತ್ತಿರ ಇರುವಷ್ಟು ಜಲಪಾತ ನೋಡಿದವರ ಹತ್ತಿರ ಇಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ನಮ್ಮದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ, ಅಪ್ಪನ ಕಾಲದ್ದು. ಮನೆ ಚಾಮರಾಜಪೇಟೆ. ಪತ್ರಿಕೆ ಆರಿಸಲು ಬಂದವರು ಕಾಗದ ಮುಟ್ಟುವ ರೀತಿ ನೋಡಿಯೇ ಆ ಮದುವೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಮುನಿಸಿಕೊಳ್ಳುತ್ತಾರೆ ಎಂದು ನಾನು ಹೇಳಬಲ್ಲೆ. ಹಾಗಾಗಿ ನೆಂಟರಿಷ್ಟರಲ್ಲಿ ಗಂಡು ನೋಡುವುದು, ಹೆಣ್ಣು ನೋಡುವುದು, ಮನೆತನ ವಿಚಾರಿಸುವುದು ಎಲ್ಲ ನನ್ನ ಪಾಲಿಗೇ ಬರುತ್ತದೆ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇದೆ, ಸುಳ್ಳು ಯಾಕೆ ಹೇಳಲಿ.

ತಂಗಿ ಗಿರಿಜ ನರ್ಸು. ಮದುವೆಯಾಗಿ ಗಂಡನ ಜೊತೆ ಮಿನ್ನೆಸೋಟಕ್ಕೆ ಹೋದವಳು, ಅವನು ಕಾಯಿಲೆ ಬಿದ್ದು ತೀರಿಕೊಂಡ ಮೇಲೂ ಆಸ್ಪತ್ರೆ ಕೆಲಸ ಬಿಡದೆ, ಮಗಳು ಅಕ್ಷತಾಳನ್ನು ಕಟ್ಟಿಕೊಂಡು ಅಲ್ಲೇ ನಿಂತಳು. ಈ ಶತಮಾನದ ಮೊದಲ ವರ್ಷಗಳ ಮಾತಿದು. ಅಕ್ಷತಾಳಿಗೆ ಆಗ ಏಳು ವರ್ಷ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ, ಅಪ್ಪ ಹೋದ ಮೇಲೆ ಸ್ಕೂಲಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಟೀಚರ್ ಹತ್ತಿರ ಒಂದು ಮಾತಿಲ್ಲ, ಓರಗೆಯ ಮಕ್ಕಳ ಹತ್ತಿರ ಒಂದು ಮಾತಿಲ್ಲ. ಮನೆ ಹತ್ತಿರದ ಆ ದೊಡ್ಡ ಸ್ಕೂಲಿನವರು ಬಹಳ ದಿನ ಅದನ್ನು ಗಮನಿಸಲೇ ಇಲ್ಲ. ಗಮನಿಸಿದ ಮೇಲೆ ಓದು ಹತ್ತದ ಮಕ್ಕಳ ಗುಂಪಿಗೆ ಹಾಕಿ ಕೈ ತೊಳೆದುಕೊಂಡರು.

ಗಿರಿಜ ಫೋನಿನಲ್ಲಿ ಅತ್ತಳು. "ಅಣ್ಣಾ, ಇಲ್ಲಿ ಇನ್ನೊಂದು ಸ್ಕೂಲಿದೆ, ಚಾರ್ಟರ್ ಸ್ಕೂಲ್ ಅಂತ. ನಂಗೆ ತಲೇನೇ ಓಡ್ತಿಲ್ಲ. ನೀನು ಬಂದು ನೋಡು. ಚೆನ್ನಾಗಿದೆ ಅಂದ್ರೆ ಅಲ್ಲಿಗೆ ಸೇರಿಸ್ತೀನಿ. ಬೇಡ ಅಂದ್ರೆ ನೀನೇ ಕರ್ಕೊಂಡ್ಹೋಗ್ಬಿಡು, ಜೂನ್‌ಗೆ ಬೆಂಗಳೂರಲ್ಲೇ ಸ್ಕೂಲಿಗೆ ಹೋಗ್ಲಿ. ನೀನು ಹೇಳಿದ್ದೇ ಕೊನೆ."

ನಮಗೆ ಮಕ್ಕಳಿಲ್ಲ. ನಾನು ಫೋನಿಟ್ಟು ವಿಷಯ ಹೇಳಿದಾಗ ಹೆಂಡತಿ ಶಾಂತ ಸುಮ್ಮನೆ ಕೇಳಿಸಿಕೊಂಡಳು. ಮಾರನೆಯ ದಿನವೇ ಮಹಡಿ ಕೋಣೆಗೆ ಸುಣ್ಣ ಹೊಡೆಸಿದಳು. ವಾರ ತುಂಬುವುದರೊಳಗೆ ನಮ್ಮ ರಸ್ತೆಯ ಸ್ಕೂಲಿನ ಹೆಡ್‌ಮಿಸ್ಸನ್ನು ಕಂಡು ಒಂದು ಸೀಟು ಹೇಳಿಟ್ಟು ಬಂದಳು. ಸಂಕ್ರಾಂತಿ ಮುಗಿಸಿ, ಅಂಗಡಿಯನ್ನು ಅವಳ ಕೈಗೊಪ್ಪಿಸಿ ನಾನು ಹೊರಟಾಗ "ಅವಸರ ಮಾಡ್ಬೇಡಿ, ನಿಧಾನವಾಗಿ ನೋಡಿ" ಎಂದಳು. ಮುಖ ಮಾತ್ರ ಬೇಗ ಕರೆದುಕೊಂಡು ಬನ್ನಿ ಎನ್ನುತ್ತಿತ್ತು. ನನಗೂ ಮನಸ್ಸಿನಲ್ಲಿ ಇದ್ದದ್ದು ಅದೇ.

ಸ್ಕೂಲಿನ ಬಾಗಿಲಲ್ಲಿ, ಬೆಳಗಿನ ಜಾವ

ಮಿನ್ನೆಸೋಟದ ಚಳಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಮೂಗು ಇದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ ಎಂದರೆ ಸಾಕು.

ಚಾರ್ಟರ್ ಸ್ಕೂಲೆಂದರೆ ಏನು ಎಂದು ಗಿರಿಜ ಊಟಕ್ಕೆ ಬಡಿಸುತ್ತಾ ವಿವರಿಸಿದಳು. ದುಡ್ಡು ಸರ್ಕಾರದ್ದು, ನಡೆಸುವ ಮಂಡಳಿ ಬೇರೆ. ಫೀಸಿಲ್ಲ, ಡೊನೇಷನ್ ಇಲ್ಲ. ಇಂತಿಷ್ಟು ವರ್ಷಕ್ಕೆ ಎಂದು ಕರಾರು. ಸರಿಯಾಗಿ ನಡೆಸದಿದ್ದರೆ ಸರ್ಕಾರ ಬೀಗ ಹಾಕಿಸುತ್ತದೆ. "ಗೊತ್ತಾಯ್ತು ಬಿಡು, ನಮ್ಮ ಅನುದಾನಿತ ಶಾಲೆ ಥರ" ಎಂದೆ. ನಾನು ಓದಿದ್ದೇ ಅಂಥದ್ದರಲ್ಲಿ. ನಮ್ಮಲ್ಲಿ ಬೀಗ ಹಾಕಿಸುವುದೊಂದನ್ನು ಮಾತ್ರ ನಾನು ಕಂಡಿಲ್ಲ.

ಅರ್ಜಿ ಕೊಡುವುದು ಶುರುವಾಗುವ ದಿನ ನಾನು ಯಾರಿಗೂ ಹೇಳದೆ ಕತ್ತಲಿನಲ್ಲೇ ಎದ್ದೆ. ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ಎಲ್‌ಕೆಜಿ ಅರ್ಜಿಗೆ ಜನ ಹೇಗೆ ಸಾಲು ನಿಲ್ಲುತ್ತಾರೆಂದು ನೋಡಿದವನು ನಾನು. ಚಪ್ಪಲಿ ಬಿಟ್ಟು ಜಾಗ ಹಿಡಿಯುತ್ತಾರೆ, ಇಟ್ಟಿಗೆ ಇಟ್ಟು ಹೋಗುತ್ತಾರೆ, ಅಜ್ಜ ಎದ್ದರೆ ಚಿಕ್ಕಪ್ಪ ಬಂದು ನಿಲ್ಲುತ್ತಾನೆ. ನಮ್ಮಣ್ಣನ ಮಗನಿಗೆ ಹೀಗೆ ನಿಂತು ಸೀಟು ಗಿಟ್ಟಿಸಿದ ಅನುಭವಸ್ಥ ನಾನು. ಇಲ್ಲಿಯವರಿಗೆ ಈ ಕಲೆ ಗೊತ್ತಿರಲಾರದು, ಗಿರಿಜ ಪಾಪ ಮುಗ್ಧೆ ಎಂದುಕೊಂಡು, ಅವಳ ಮಫ್ಲರ್ ಸುತ್ತಿಕೊಂಡು ನಡೆದೆ.

ಬಾಗಿಲಲ್ಲಿ ನರಪಿಳ್ಳೆ ಇಲ್ಲ. ಮೊದಲನೆಯವನು ನಾನೇ ಎಂದು ಬೀಗಿದೆ. ಬಹಳ ಹೊತ್ತು ಬೀಗಿದೆ. ಹಿಂದೆ ಎರಡನೆಯವನು ಬರಲೇ ಇಲ್ಲ. ಕಾಲು ಮರಗಟ್ಟಿ ನಾನು ಜಿಗಿಯುತ್ತಿದ್ದಾಗ ಹಿಮ ಎತ್ತುವ ಸಲಿಕೆ ಹಿಡಿದು ಒಬ್ಬ ದೊಡ್ಡ ಆಸಾಮಿ ಬಂದ, ಸ್ಕೂಲಿನ ಕಸ ಗುಡಿಸುವವನು. ದಾರಿ ತಪ್ಪಿದ ಮುದುಕನೆಂದುಕೊಂಡನೋ ಏನೋ, ಒಳಗೆ ಕರೆದು ಕೂರಿಸಿ ಲೋಟದ ತುಂಬ ಕಾಫಿ ಕೊಟ್ಟ. ನಮ್ಮ ಕಾಫಿಯಾಗಿದ್ದರೆ ಆ ಲೋಟದಲ್ಲಿ ನಾಲ್ಕು ಜನ ಕುಡಿಯಬಹುದಿತ್ತು.

"ನಾನೇ ಮೊದಲು ಬಂದದ್ದು" ಎಂದು ಅವನಿಗೆ ಸ್ಪಷ್ಟಪಡಿಸಿದೆ.

"ಒಳ್ಳೆಯದು" ಎಂದ ಅವನು. "ಆದರೆ ತಿಂಗಳ ಕೊನೆವರೆಗೂ ಯಾವಾಗ ಬೇಕಾದರೂ ಕೊಡಬಹುದು. ಮಕ್ಕಳು ಸೀಟಿಗಿಂತ ಜಾಸ್ತಿಯಾದರೆ ಎಲ್ಲರ ಹೆಸರೂ ಒಂದು ಡಬ್ಬಕ್ಕೆ ಹಾಕಿ ಎತ್ತುತ್ತಾರೆ. ಮೊದಲು ಬಂದವರಿಗೂ ಅದೇ ಡಬ್ಬ, ಕೊನೆಗೆ ಬಂದವರಿಗೂ ಅದೇ."

ಮನೆಗೆ ಬಂದಾಗ ಗಿರಿಜ ಬಾಗಿಲಲ್ಲೇ ನಿಂತಿದ್ದಳು. ಅಕ್ಷತಾ ನನ್ನ ಕೆಂಪು ಮೂಗು ನೋಡಿ ಬಿದ್ದು ಬಿದ್ದು ನಕ್ಕಳು. "ಮಾವ ಹೋಗಿ ಖಾಲಿ ಕ್ಯೂನಲ್ಲಿ ನಿಂತ್ಕೊಂಡಿದ್ರಂತೆ" ಎಂದು ದಿನವಿಡೀ ಹೇಳಿದಳು. ಇಷ್ಟು ಮಾತಾಡುವ ಮಗು ಸ್ಕೂಲಿನಲ್ಲಿ ಬಾಯಿ ಬಿಡುವುದಿಲ್ಲ ಎಂದರೆ ನಂಬುವುದಕ್ಕೇ ಆಗುತ್ತಿರಲಿಲ್ಲ.

ಕ್ಷೌರದಂಗಡಿ

ಮನೆತನ ವಿಚಾರಿಸಬೇಕಾದರೆ ಆ ಮನೆಯವರನ್ನು ಕೇಳಬಾರದು, ಅಕ್ಕಪಕ್ಕದವರನ್ನು ಕೇಳಬೇಕು. ಪೇಟೆಯ ಜನ ನಾವು ಸಂಬಂಧ ಗೊತ್ತುಮಾಡುವುದೇ ಹೀಗೆ. ಹಾಲಿನವನು, ಇಸ್ತ್ರಿಯವನು, ಎದುರಿನ ಕಿರಾಣಿ ಅಂಗಡಿ. ಸ್ಕೂಲಿನ ಪಕ್ಕದಲ್ಲಿ ಇದ್ದದ್ದು ಒಂದು ಕ್ಷೌರದಂಗಡಿ. ಹೊರಡುವ ಮುಂಚೆಯಷ್ಟೇ ಚಾಮರಾಜಪೇಟೆಯಲ್ಲಿ ಕಟಿಂಗ್ ಮಾಡಿಸಿಕೊಂಡಿದ್ದೆ. ಆದರೂ ಹೋಗಿ ಕುರ್ಚಿ ಹತ್ತಿದೆ.

ಅಂಗಡಿಯವನು ನನ್ನ ತಲೆ ನೋಡಿ, "ಇದರಲ್ಲಿ ಏನನ್ನು ಕತ್ತರಿಸಲಿ?" ಎಂದು ಕೇಳಿದ.

"ನಿಧಾನವಾಗಿ ಕತ್ತರಿಸಿ, ಅಷ್ಟು ಸಾಕು" ಎಂದೆ. "ಪಕ್ಕದ ಸ್ಕೂಲು ಹೇಗೆ?"

ಅವನಿಗೆ ಅಷ್ಟೇ ಬೇಕಿತ್ತು. ಗಲಾಟೆ, ವಿಪರೀತ ಗಲಾಟೆ ಎಂದ. ಆಟದ ಮೈದಾನವಿಲ್ಲ, ಕಾರು ನಿಲ್ಲಿಸುವ ಜಾಗದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು ಆಡುತ್ತವೆ ಎಂದ. ಬೇರೆ ಸ್ಕೂಲಿನ ಕೆಲವರಿಗೆ ಈ ಸ್ಕೂಲು ಕಂಡರಾಗದು, ನಮ್ಮ ಮಕ್ಕಳನ್ನೂ ನಮಗೆ ಬರುವ ದುಡ್ಡನ್ನೂ ಎಳೆದುಕೊಂಡು ಹೋಗುತ್ತಾರೆ ಎನ್ನುತ್ತಾರೆ ಎಂದ. ನನಗೆ ಒಳಗೊಳಗೇ ಖುಷಿಯಾಯಿತು. ಬೇಡ ಎನ್ನುವುದಕ್ಕೆ ಕಾರಣಗಳು ತಾವಾಗಿ ಬಂದು ಮಡಿಲಿಗೆ ಬೀಳುತ್ತಿದ್ದವು.

"ಒಂದು ಸಲ ಲೆಕ್ಕ ಕಲಿಯೋದಕ್ಕೆ ಅಂತ ನನ್ನ ಅಂಗಡಿ ಅಳೆಯಲು ಬಂದರು" ಎಂದು ಮುಂದುವರಿಸಿದ. "ಕಿಟಕಿ, ಕನ್ನಡಿ, ಕುರ್ಚಿ, ಬಿಟ್ಟಿದ್ದರೆ ನನ್ನನ್ನೂ ಅಳೆಯುತ್ತಿದ್ದರು. ಹೋದ ಮೇಲೆ ನೋಡಿದರೆ ಕನ್ನಡಿ ತುಂಬ ಬೆರಳಚ್ಚು. ಹೋಗಿ ಕೂಗಾಡಿದೆ."

"ಏನಂದರು?"

"ಏನೂ ಅನ್ನಲಿಲ್ಲ. ಅದೇ ಮಧ್ಯಾಹ್ನ ಅದೇ ಮಕ್ಕಳು ಬಟ್ಟೆ, ನೀರು ಹಿಡಿದುಕೊಂಡು ಬಂದು ಎಲ್ಲ ಒರೆಸಿದವು. ಟೀಚರಮ್ಮನೂ ಒರೆಸಿದಳು. ಈ ಅಂಗಡಿಯ ಕನ್ನಡಿ ಅಷ್ಟು ಹೊಳೆದದ್ದು ಅದೇ ಮೊದಲು, ಅದೇ ಕೊನೆ."

ಮನೆಗೆ ಬರುವಾಗ ತಲೆಯ ಮೇಲೆ ಕೂದಲು ಉಳಿದಿರಲಿಲ್ಲ, ಚಳಿ ನೇರವಾಗಿ ಬುರುಡೆಗೇ ಹೊಡೆಯುತ್ತಿತ್ತು. ಬೇಡ ಎನ್ನುವುದಕ್ಕೆ ಒಟ್ಟು ಮಾಡಿದ ಕಾರಣಗಳ ನಡುವೆ ಆ ಒರೆಸುವ ಬಟ್ಟೆಯೊಂದು ಸೇರಿಕೊಂಡು ಕಿರಿಕಿರಿ ಮಾಡತೊಡಗಿತು.

ಗೋಡೌನಿನ ಒಳಗೆ

ತಂದೆತಾಯಿ ಬಂದು ಸ್ಕೂಲು ನೋಡಬಹುದು ಎಂದು ಒಂದು ದಿನ ಇಟ್ಟಿದ್ದರು. ಗಿರಿಜ, ಅಕ್ಷತಾ, ನಾನು ಮೂವರೂ ಹೋದೆವು. ನಾನು ಹಿಂದಿನ ದಿನವೇ ಅಕ್ಷತಾಳನ್ನು ಕೂರಿಸಿಕೊಂಡು ಇಂಟರ್‌ವ್ಯೂಗೆ ತಯಾರು ಮಾಡಲು ನೋಡಿದ್ದೆ. ನಿನ್ನ ಹೆಸರೇನು, ಬಣ್ಣಗಳ ಹೆಸರು ಹೇಳು, ಒಂದು ರೈಮ್ ಹೇಳು. ನಮ್ಮಲ್ಲಿ ಮೂರು ವರ್ಷದ ಕೂಸಿಗೂ ಬಿಡುವುದಿಲ್ಲ, ಅಪ್ಪ ಅಮ್ಮನಿಗೂ ಬಿಡುವುದಿಲ್ಲ. ನಾನಂತೂ ಇಸ್ತ್ರಿ ಮಾಡಿದ ಕೋಟು ಹಾಕಿ ಸಿದ್ಧನಾಗಿದ್ದೆ. ಅಲ್ಲಿ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಕೇಳಬೇಕಾದವರು ನೀವೇ ಎಂದರು.

ಹೆಡ್‌ಮಿಸ್ ಹೆಸರು ಕ್ಯಾರೊಲ್. ಮಕ್ಕಳೂ ಹಾಗೇ ಕ್ಯಾರೊಲ್ ಎಂದು ಕೂಗುತ್ತಿದ್ದವು, ಮೇಡಂ ಇಲ್ಲ, ಮಿಸ್ ಇಲ್ಲ. ನನಗೆ ಮೈಯೆಲ್ಲ ಮುಜುಗರವಾಯಿತು. ಯೂನಿಫಾರಂ ಇಲ್ಲ. ಕೆಲವು ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಓದುತ್ತಿದ್ದವು. ನಾವು ಹಾಗೆ ಮಲಗಿದ್ದರೆ ಮೇಷ್ಟ್ರು ಏಳಿಸುತ್ತಿದ್ದ ರೀತಿ ಬೇರೆ. ಗೋಡೌನಿನ ಕಬ್ಬಿಣದ ತೊಲೆಗಳನ್ನು ಹಾಗೇ ಬಿಟ್ಟು ನಡುವೆ ಪುಸ್ತಕದ ಕಪಾಟುಗಳನ್ನೇ ಗೋಡೆ ಮಾಡಿದ್ದರು. ಒಂದು ಕ್ಲಾಸಿನ ಗದ್ದಲ ಇನ್ನೊಂದಕ್ಕೆ ಕೇಳುತ್ತಿತ್ತು.

ನಾನು ಮೊದಲು ಟಾಯ್ಲೆಟ್ ನೋಡಿದೆ. ಸ್ವಚ್ಛವಾಗಿತ್ತು. ನಲ್ಲಿ ತಿರುಗಿಸಿದೆ, ನೀರು ಬಂತು. ಆಮೇಲೆ ಕ್ಯಾರೊಲ್ ಮುಂದೆ ಕುಳಿತು, ಗಂಡಿನ ಕಡೆಯವರನ್ನು ಕೇಳುವ ಹಾಗೆ ಕೇಳಿದೆ.

"ಹೋದ ವರ್ಷ ಎಷ್ಟು ಟೀಚರುಗಳು ಬಿಟ್ಟು ಹೋದರು?"

ಗಿರಿಜ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕ್ಯಾರೊಲ್ ಮುಖ ಸಿಂಡರಿಸಲಿಲ್ಲ. "ಮೂವರು" ಎಂದಳು. "ಒಬ್ಬರು ಊರು ಬಿಟ್ಟರು, ಒಬ್ಬರಿಗೆ ಹೆಚ್ಚು ಸಂಬಳ ಸಿಕ್ಕಿತು. ಮೂರನೆಯವರು ನನ್ನ ಜೊತೆ ಹೊಂದಿಕೊಳ್ಳಲಾಗದೆ ಬಿಟ್ಟರು. ತಪ್ಪು ಹೆಚ್ಚು ಕಡಿಮೆ ನನ್ನದೇ."

"ಕರಾರು ಮುಗಿದ ಮೇಲೆ ಸ್ಕೂಲು ಇರುತ್ತೋ ಇಲ್ಲವೋ?"

"ಇರುತ್ತದೆ ಅಂತ ನಂಬಿದ್ದೇನೆ. ಬರೆದುಕೊಡಲು ನನ್ನಿಂದಾಗದು."

"ನಮ್ಮ ಮಗು ಸ್ಕೂಲಿನಲ್ಲಿ ಮಾತಾಡುವುದಿಲ್ಲ. ಏನು ಮಾಡುತ್ತೀರಿ?"

ಅಮ್ಮನ ಕೋಟಿಗೆ ಅಂಟಿಕೊಂಡು ನಿಂತಿದ್ದ ಅಕ್ಷತಾಳನ್ನು ಕ್ಯಾರೊಲ್ ನೋಡಿದಳು, ಆದರೆ ನಿನ್ನ ಹೆಸರೇನು ಪುಟ್ಟಾ ಎಂದೇನೂ ಕೇಳಲಿಲ್ಲ. "ಮೊದಲು ಕಾಯುತ್ತೇವೆ. ಅವಳು ಕೈಯಲ್ಲಿ ಏನು ಮಾಡುತ್ತಾಳೆ ಅಂತ ನೋಡುತ್ತೇವೆ. ಎಷ್ಟು ದಿನ ಹಿಡಿಯುತ್ತೆ ಅಂತ ನನಗೆ ಗೊತ್ತಿಲ್ಲ" ಎಂದಳು.

ಗೊತ್ತಿಲ್ಲ ಎನ್ನುವ ಹೆಡ್‌ಮಿಸ್ಸನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಹೊರಗೆ ಬಂದ ಮೇಲೆ ಗಿರಿಜ "ಏನನ್ಸುತ್ತೆ ಅಣ್ಣಾ?" ಎಂದು ಕೇಳಿದಳು. "ನೋಡೋಣ, ಇನ್ನೂ ನೋಡ್ತಿದೀನಿ" ಎಂದೆ. ಅರ್ಜಿಯನ್ನಂತೂ ಕೊಟ್ಟಿಟ್ಟೆವು.

ಡಬ್ಬ

ಅರ್ಜಿಗಳು ಸೀಟಿಗಿಂತ ಬಹಳ ಜಾಸ್ತಿ ಬಂದವು. ಹೆಸರೆತ್ತುವ ಸಂಜೆ ತಂದೆತಾಯಿಗಳು ಗೋಡೌನಿನ ನಡುವೆ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಿದ್ದೆವು. ಅಕ್ಷತಾ ಗಿರಿಜಳ ಪಕ್ಕಕ್ಕೆ ಅಂಟಿಕೊಂಡಿದ್ದಳು. ಮೇಜಿನ ಮೇಲೆ ಪಾಪ್‌ಕಾರ್ನ್ ತುಂಬಿ ಮಾರುವ ಬಣ್ಣದ ದೊಡ್ಡ ತಗಡಿನ ಡಬ್ಬ. ಅದರೊಳಗೆ ಎಲ್ಲ ಮಕ್ಕಳ ಹೆಸರಿನ ಚೀಟಿ.

ಇಲ್ಲಿ ನನ್ನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಸುಲ್ತಾನ್‌ಪೇಟೆಯಲ್ಲಿ ಅಂಗಡಿಯವರೆಲ್ಲ ಸೇರಿ ಚೀಟಿ ನಡೆಸುತ್ತೇವೆ. ತಿಂಗಳಿಗೊಮ್ಮೆ ಹೆಸರೆತ್ತುತ್ತೇವೆ, ಬಂದವರಿಗೆ ಆ ತಿಂಗಳ ಗಂಟು. ಹೆಸರೆತ್ತಿಸುವುದು ಬಹಳ ವರ್ಷದಿಂದ ನನ್ನ ಕೆಲಸ. ಎತ್ತುವ ಮೊದಲು ಪಾತ್ರೆಯನ್ನು ಬೋರಲು ಹಾಕಿ ಎಲ್ಲರಿಗೂ ತೋರಿಸಬೇಕು, ಎತ್ತಿದ ಮೇಲೆ ಇನ್ನೊಮ್ಮೆ ಬೋರಲು ಹಾಕಿ ತಟ್ಟಿ ತೋರಿಸಬೇಕು. ಅಣ್ಣತಮ್ಮಂದಿರೇ ಕೂತಿದ್ದರೂ ಸರಿ. ಇದು ಅನುಮಾನದ ಮಾತಲ್ಲ, ಪದ್ಧತಿ. ಊಟಕ್ಕೆ ಮೊದಲು ಕೈ ತೊಳೆದ ಹಾಗೆ.

ಮೊದಲು ಬೋರಲು ಹಾಕಲಿಲ್ಲವಲ್ಲ ಎಂದು ನಾನು ಏಳಹೊರಟಾಗ ಗಿರಿಜ ತೋಳು ಹಿಡಿದು ಕೂರಿಸಿದಳು. "ಅಣ್ಣಾ, ನಿನ್ ದಮ್ಮಯ್ಯ, ಸುಮ್ನಿರು." ಸುಮ್ಮನಾದೆ. ಕ್ಯಾರೊಲ್ ಒಂದೊಂದಾಗಿ ಎತ್ತಿ ಓದತೊಡಗಿದಳು. ಬಹಳ ಹೊತ್ತಾಗಲಿಲ್ಲ, ಅಕ್ಷತಾಳ ಹೆಸರು ಬಂತು. ಉಚ್ಚಾರಣೆ ಕುಲಗೆಟ್ಟಿತ್ತು, ಆದರೆ ಅವಳದೇ. ಗಿರಿಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಸಂತೋಷವೂ ಆಯಿತು, ಸುಣ್ಣ ಹೊಡೆಸಿದ ಮಹಡಿ ಕೋಣೆಯೂ ನೆನಪಾಯಿತು. ಸೀಟು ತುಂಬಿದ ಮೇಲೆ ಉಳಿದ ಹೆಸರುಗಳನ್ನು ಕಾಯುವವರ ಸಾಲಿಗೆ ಬರೆದುಕೊಂಡರು. ಡಬ್ಬ ಖಾಲಿಯಾಯಿತು. ಜನ ಕೋಟು ಹಾಕಿಕೊಳ್ಳತೊಡಗಿದರು.

ನಾನು ಎದ್ದು ನಿಂತೆ. "ಡಬ್ಬ ಬೋರಲು ಹಾಕಿ ತೋರಿಸಿ" ಎಂದೆ.

ಎಲ್ಲರೂ ತಿರುಗಿ ನೋಡಿದರು. ನನ್ನ ಇಂಗ್ಲಿಷು ಅರ್ಥವಾಗಲಿಲ್ಲವೇನೋ ಎಂದು ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಕ್ಯಾರೊಲ್ ನಗುತ್ತಾ ಡಬ್ಬವನ್ನು ತಲೆಕೆಳಗು ಮಾಡಿದಳು. ಏನೂ ಬೀಳಲಿಲ್ಲ. "ತಟ್ಟಿ" ಎಂದೆ. ತಟ್ಟಿದಳು. ತಗಡಿನ ಅಂಚು ಒಳಕ್ಕೆ ಮಡಚಿದ್ದ ಸಂದಿಯಿಂದ ಒಂದು ಚೀಟಿ ಮೇಜಿನ ಮೇಲೆ ಬಿತ್ತು.

ಕ್ಯಾರೊಲ್‌ಳ ನಗು ನಿಂತಿತು. ಬಿಡಿಸಿ ಓದಿದಳು. ಯಾವುದೋ ಹುಡುಗನ ಹೆಸರು. ಅವನ ಕಡೆಯವರು ಯಾರೂ ಬಂದಿರಲಿಲ್ಲ. ಕೆಲಸಕ್ಕೆ ಹೋಗಿದ್ದಿರಬೇಕು. ಹಿಂದಿನಿಂದ ಒಬ್ಬ "ಅವನನ್ನು ಸಾಲಿನ ಕೊನೆಗೆ ಹಾಕಿದರಾಯ್ತು" ಎಂದ. ಸರಿಯಾದ ಮಾತೆಂದು ಹಲವರು ತಲೆಯಾಡಿಸಿದರು. ನಾನೂ ಅಷ್ಟನ್ನೇ ನಿರೀಕ್ಷಿಸಿದ್ದೆ.

"ಇಲ್ಲ" ಎಂದಳು ಕ್ಯಾರೊಲ್. "ಎಲ್ಲರ ಹೆಸರೂ ಬಂದಾಗ ಈ ಮಗುವಿನ ಹೆಸರಿಗೆ ಬರುವ ಅವಕಾಶವೇ ಇರಲಿಲ್ಲ. ನಾನು ಮೊದಲೇ ನೋಡಬೇಕಿತ್ತು, ನೋಡಲಿಲ್ಲ. ಈಗ ಎತ್ತಿದ್ದು ಲೆಕ್ಕಕ್ಕಿಲ್ಲ. ಮತ್ತೆ ಮೊದಲಿಂದ ಎತ್ತುತ್ತೇನೆ."

ಗದ್ದಲವೆದ್ದಿತು. ಸೀಟು ಬಂದಿದ್ದ ಒಬ್ಬ ಹೆಂಗಸು ಮೇಲಿನವರಿಗೆ ದೂರು ಕೊಡುತ್ತೇನೆಂದಳು. ಕ್ಯಾರೊಲ್ ಕೆಂಪಾಗಿದ್ದಳು, ಆದರೆ ಕದಲಲಿಲ್ಲ. ಚೀಟಿಗಳನ್ನೆಲ್ಲ ಮತ್ತೆ ಮಡಚಿಸಿದಳು. ಆಮೇಲೆ ಡಬ್ಬ ಎತ್ತಿ ನನ್ನ ಕಡೆ ಚಾಚಿ, "ಸರ್, ಈ ಸಲ ನೀವೇ ತೋರಿಸಿ" ಎಂದಳು.

ನಾನು ತೋರಿಸಿದೆ. ಸುಲ್ತಾನ್‌ಪೇಟೆಯಲ್ಲಿ ತೋರಿಸುವ ಹಾಗೆಯೇ ಒಳಗೆ ಬೆರಳಾಡಿಸಿ, ಬೋರಲು ಹಾಕಿ, ತಟ್ಟಿ, ಒಬ್ಬೊಬ್ಬರ ಮುಂದೆಯೂ ಹಿಡಿದೆ. ಗಿರಿಜಳ ಮುಂದೆ ಬಂದಾಗ ಅವಳು ಡಬ್ಬದೊಳಗೆ ನೋಡಲಿಲ್ಲ, ನನ್ನ ಮುಖ ನೋಡಿದಳು.

ಎರಡನೆಯ ಸಲ ಸೀಟೆಲ್ಲ ತುಂಬುವವರೆಗೂ ಅಕ್ಷತಾಳ ಹೆಸರು ಬರಲಿಲ್ಲ. ಕೊನೆಯ ಸೀಟು ಹೋದ ಕೂಡಲೇ ಬಂತು. ಕಾಯುವವರ ಸಾಲಿನಲ್ಲಿ ಮೊದಲನೆಯವಳು. ಡಬ್ಬದಲ್ಲಿ ಸಿಕ್ಕಿಕೊಂಡಿದ್ದ ಆ ಹುಡುಗನಿಗೂ ಸೀಟು ಬರಲಿಲ್ಲ, ಅವನು ಎಲ್ಲೋ ಬಹಳ ಹಿಂದೆ ಹೋದ.

ಕಾರಿನಲ್ಲಿ

ಮನೆಯ ಹತ್ತಿರದ ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ಕಾರು ನಿಂತಾಗ ಗಿರಿಜ ನನ್ನ ಕಡೆ ತಿರುಗಿದಳು.

"ನೀನು ಬೇಕು ಅಂತಲೇ ಮಾಡ್ದೆ."

"ಏನೇ ಹಾಗಂದ್ರೆ?"

"ಸೀಟು ಬಂದಿತ್ತು ಅಣ್ಣಾ! ಕೈಗೆ ಬಂದಿತ್ತು. ನೀನೂ ಅತ್ತಿಗೆನೂ ಅವಳನ್ನ ಇಟ್ಕೊಳ್ಳೋಕೆ ಎಷ್ಟು ಆಸೆಪಟ್ಟಿದೀರ ಅಂತ ನಂಗೆ ಗೊತ್ತಿಲ್ವಾ? ಕೋಣೆ ರೆಡಿ ಮಾಡಿರೋದು ಗೊತ್ತಿಲ್ವಾ?"

ಹಿಂದಿನ ಸೀಟಿನಲ್ಲಿ ಅಕ್ಷತಾ ನಿದ್ದೆ ಮಾಡುತ್ತಿದ್ದಳು, ಅಥವಾ ಕಣ್ಣು ಮುಚ್ಚಿಕೊಂಡಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ದುಃಖವಾಯಿತು. ದೇವರಾಣೆಗೂ ಎದ್ದು ನಿಂತಾಗ ನನ್ನ ತಲೆಯಲ್ಲಿ ಬೆಂಗಳೂರೂ ಇರಲಿಲ್ಲ, ಕೋಣೆಯೂ ಇರಲಿಲ್ಲ. ಖಾಲಿ ಡಬ್ಬ ತೋರಿಸದೆ ಎದ್ದು ಹೋಗುತ್ತಿದ್ದಾರಲ್ಲ ಎಂಬುದೊಂದೇ ಇತ್ತು. ಅದನ್ನು ಹೇಗೆ ಹೇಳಿದರೂ ಅವಳು ಆಗ ನಂಬುತ್ತಿರಲಿಲ್ಲ.

"ಗಿರಿಜಾ, ಸ್ಕೂಲು ಹೇಗಿದೆ ನೋಡು ಅಂತ ತಾನೇ ನನ್ನ ಕರೆಸಿದ್ದು?" ಎಂದೆ. "ನೋಡ್ದೆ. ಒಳ್ಳೇ ಸ್ಕೂಲು. ಆ ಹೆಡ್‌ಮಿಸ್ಸಿನ ತಪ್ಪು ನಾಲ್ಕು ಜನದ ಮುಂದೆ ಬಿತ್ತು, ಅವಳು ಮುಚ್ಚಿ ಹಾಕ್ಲಿಲ್ಲ. ಅಂಥವಳ ಕೈಗೆ ಮಗೂನ ಕೊಡ್ಬಹುದು."

"ಈಗ ಹೇಳು" ಎಂದು ಅವಳು ಗೇರು ಬದಲಿಸಿದಳು. "ಸೀಟು ಹೋದ ಮೇಲೆ."

ಕಾಯುವವರ ಸಾಲು ಕದಲುತ್ತದೆ ಎಂದು ನಂಬುವ ಹಾಗಿರಲಿಲ್ಲ. ಹಳೇ ಸ್ಕೂಲಿಗೆ ಮತ್ತೆ ಕಳಿಸುವುದು ಗಿರಿಜಳಿಗೆ ಬೇಡವಾಗಿತ್ತು. ಹೀಗೆ ಅಕ್ಷತಾ ನನ್ನ ಜೊತೆ ಬರುವುದೆಂದು ತೀರ್ಮಾನವಾಯಿತು. ಅವಳಿಗೂ ಟಿಕೆಟ್ ಆಯಿತು. ಶಾಂತ ಫೋನಿನಲ್ಲಿ ಅಕ್ಷತಾಳನ್ನು ಕರೆದು ಯಾವ ಬಣ್ಣದ ಬೆಡ್‌ಶೀಟು ಬೇಕು, ಹುಳಿಯನ್ನಕ್ಕೆ ಕಡಲೆಬೀಜ ಹಾಕಲೋ ಬೇಡವೋ ಎಂದೆಲ್ಲ ಕೇಳುತ್ತಿದ್ದಳು. ಅಕ್ಷತಾ ಅವಳಿಗೆ ಉದ್ದುದ್ದ ಉತ್ತರ ಕೊಡುತ್ತಿದ್ದಳು. ಆ ದಿನಗಳಲ್ಲಿ ಹೆಂಡತಿಯ ದನಿಯಲ್ಲಿದ್ದ ಗೆಲುವನ್ನು ಮದುವೆಯಾದ ಹೊಸತರಲ್ಲೂ ನಾನು ಕೇಳಿರಲಿಲ್ಲ. ಗಿರಿಜ ಮಾತ್ರ ಡ್ಯೂಟಿಯಿಂದ ಬಂದು ಮಗಳ ಬಟ್ಟೆ ಮಡಚಿ ಸೂಟ್‌ಕೇಸಿಗೆ ಇಡುವಳು, ಮತ್ತೆ ತೆಗೆದು ಇನ್ನೊಮ್ಮೆ ಮಡಚುವಳು.

ಫೋನು

ಹೊರಡಲು ಇನ್ನು ಕೆಲವೇ ದಿನ ಇದ್ದಾಗ, ಒಂದು ಮಧ್ಯಾಹ್ನ ಫೋನು ಬಂತು. ಗಿರಿಜ ಆಸ್ಪತ್ರೆಯಲ್ಲಿದ್ದಳು. ನಾನೂ ಅಕ್ಷತಾಳೂ ನೆಲದ ಮೇಲೆ ಕೂತು ಚೌಕಾಬಾರ ಆಡುತ್ತಿದ್ದೆವು. ಕವಡೆ ನಾನು ಬೆಂಗಳೂರಿನಿಂದ ತಂದಿದ್ದೆ.

ಕ್ಯಾರೊಲ್. ಸೀಟು ಸಿಕ್ಕಿದ್ದ ಒಂದು ಕುಟುಂಬ ಊರು ಬಿಟ್ಟು ಹೋಗುತ್ತಿದೆ, ಒಂದು ಸೀಟು ತೆರವಾಗಿದೆ, ಅಕ್ಷತಾಳಿಗೆ ಬೇಕೇ ಎಂದು ಕೇಳಿದಳು. ಬೇಡವೆಂದರೆ ಮುಂದಿನ ಮಗುವಿಗೆ ಇವತ್ತೇ ಹೇಳಬೇಕು ಎಂದಳು.

ಆ ಮನೆಯಲ್ಲಿ ಈ ವಿಷಯ ಗೊತ್ತಿದ್ದವನು ನಾನೊಬ್ಬನೇ. ಬೇಡ ಎಂದು ಫೋನಿಟ್ಟು ಆಟಕ್ಕೆ ಕೂತಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ನೀನು ಹೇಳಿದ್ದೇ ಕೊನೆ ಎಂದು ಗಿರಿಜ ಮೊದಲೇ ಹೇಳಿಯೂ ಆಗಿತ್ತು. ಆ ಯೋಚನೆ ನನಗೆ ಬಂತು, ಬರಲಿಲ್ಲ ಎಂದರೆ ನೀವು ನಂಬಬೇಡಿ.

"ಯಾರು ಮಾವ?" ಎಂದಳು ಅಕ್ಷತಾ.

"ಆ ಡಬ್ಬದ ಸ್ಕೂಲಿನವರು."

ಅವಳು ಎದ್ದು ಬಂದು ಫೋನಿಗೆ ಕೈ ಚಾಚಿದಳು. ಆಟಕ್ಕೆ ಎಂದುಕೊಂಡು ಕೊಟ್ಟೆ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಆಚೆ ಕಡೆಯವಳೂ ಏನೂ ಕೇಳಲಿಲ್ಲ ಎಂದು ಕಾಣುತ್ತದೆ, ಕಾಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅಕ್ಷತಾ ಸಣ್ಣ ದನಿಯಲ್ಲಿ, ಅವಳ ಇಂಗ್ಲಿಷಿನಲ್ಲಿ, "ಡಬ್ಬದಲ್ಲಿ ಸಿಕ್ಕಿಕೊಂಡಿದ್ದ ಆ ಹುಡುಗನಿಗೂ ಸೀಟು ಸಿಗುತ್ತಾ?" ಎಂದು ಕೇಳಿದಳು.

ಕ್ಯಾರೊಲ್ ಏನೋ ಹೇಳಿದಳು. ಸಿಗುವುದಿಲ್ಲ ಎಂದೇ ಹೇಳಿರಬೇಕು, ಏಕೆಂದರೆ ಅಕ್ಷತಾ "ಯಾಕೆ?" ಎಂದಳು. ಮತ್ತೆ ಏನೋ ಉತ್ತರ ಬಂತು. ಅದಕ್ಕೂ ಯಾಕೆ ಎಂದಳು. ಯಾವ ಸ್ಕೂಲಿನವರ ಹತ್ತಿರವೂ ತುಟಿ ಬಿಚ್ಚದ ಹುಡುಗಿ ಆ ಹೆಡ್‌ಮಿಸ್ಸನ್ನು ನಿಲ್ಲಿಸಿಕೊಂಡು ದಬಾಯಿಸುತ್ತಿದ್ದಳು. ಅವಳ ಕೈಯಿಂದ ಫೋನು ತೆಗೆದುಕೊಂಡು, "ಸೇರಿಸುತ್ತೇವೆ ಮೇಡಂ, ಅವಳು ಬರುತ್ತಾಳೆ" ಎಂದೆ. ಕ್ಯಾರೊಲ್ ಎಂದು ಕರೆಯಲು ನನಗೆ ಕೊನೆಗೂ ಬಾಯಿ ಬರಲಿಲ್ಲ.

ಗಿರಿಜ ಬಂದ ಮೇಲೆ ಹೇಳಿದೆ. ಅವಳು ನರ್ಸಿನ ಬಟ್ಟೆಯಲ್ಲೇ ಕುಸಿದು ಕೂತು, ನನ್ನ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತಳು. ಕಾರಿನಲ್ಲಿ ಆಡಿದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಚಾಮರಾಜಪೇಟೆಗೆ ಹೇಳುವುದು ಉಳಿದಿತ್ತು. ಅಲ್ಲಿ ಬೆಳಗಾಗುವುದನ್ನು ಕಾದು ಫೋನು ಮಾಡಿದೆ. ಶಾಂತ ಎತ್ತಿದವಳೇ, "ಅಕ್ಷು ಎದ್ದಿದಾಳಾ? ಕೊಡಿ" ಎಂದಳು. ನಾನು ಇಲ್ಲ ಎಂದೆ. ಆಮೇಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ, ಸೀಟು ಬಂದದ್ದು, ಮಗು ಮಾತಾಡಿದ್ದು, ನಾನು ಒಪ್ಪಿಕೊಂಡದ್ದು, ಒಬ್ಬನೇ ಬರುವುದು. ಲೈನು ಕಟ್ಟಾಯಿತೇನೋ ಎಂದು "ಶಾಂತಾ" ಎಂದೆ.

"ಇದೀನಿ" ಎಂದಳು. "ರೀ, ಒಂದು ಕೇಳ್ತೀನಿ, ನಿಜ ಹೇಳಿ. ನಮ್ಮ ಹೊಟ್ಟೇಲಿ ಹುಟ್ಟಿದ್ದಿದ್ರೆ, ಅವಳನ್ನ ಅಲ್ಲಿಗೆ ಸೇರಿಸ್ತಿದ್ರಾ?"

"ಸೇರಿಸ್ತಿದ್ದೆ."

"ಹಾಗಾದ್ರೆ ಸೇರಿಸಿ ಬನ್ನಿ" ಎಂದಳು.